ರಸ್ತೆ ಮುಗಿದಲ್ಲಿ ಕಾರಿಗೆ ದೋಣಿ

ನಾರ್ವೆಯ ರಸ್ತೆ ನಕ್ಷೆಯಲ್ಲಿ ಇ39 ಅಂತ ಒಂದು ಹೆದ್ದಾರಿ ಇದೆ. ದಕ್ಷಿಣ ತುದಿಯ ಕ್ರಿಸ್ಟಿಯಾನ್‌ಸಾಂಡ್‌ನಿಂದ ಉತ್ತರದ ಟ್ರೊಂಡ್‌ಹೈಮ್‌ವರೆಗೆ ಸುಮಾರು 1100 ಕಿ.ಮೀ. ಕರಾವಳಿಯ ಅಂಚಿಗೇ ಹೋಗುತ್ತದೆ. ನಡುವೆ ಏಳು ಕಡೆ ಗೆರೆ ತುಂಡಾಗಿ, ಚುಕ್ಕಿ ಚುಕ್ಕಿಯಾಗಿ ನೀರಿಗಿಳಿದು, ಆಚೆ ದಡದಲ್ಲಿ ಮತ್ತೆ ಗೆರೆಯಾಗಿ ಏಳುತ್ತದೆ. ರಸ್ತೆಯ ನಂಬರು ಮಾತ್ರ ಬದಲಾಗುವುದಿಲ್ಲ. ನೀರಿನ ಮೇಲೂ ಅದು ಇ39.

ಜರ್ಮನಿಯಲ್ಲಿ ಮಗಳ ಮನೆಯ ಊಟದ ಮೇಜಿನ ಮೇಲೆ ಆ ನಕ್ಷೆ ಹರಡಿಕೊಂಡು ಕೂತಿದ್ದಾಗ ನನ್ನಾಕೆ ಚುಕ್ಕಿಗಳ ಮೇಲೆ ಬೆರಳಿಟ್ಟು, ‘ಇಲ್ಲಿ ಇನ್ನೂ ರಸ್ತೆ ಕಟ್ಟುತ್ತಾ ಇದಾರೆ ಕಣ್ರೀ, ಈ ದಾರಿ ಬೇಡ’ ಅಂದಳು. ಸರಗೂರಿನ ಹೆಣ್ಣುಮಗಳು ಹಾಗೆ ಅಂದದ್ದರಲ್ಲಿ ತಪ್ಪೇನಿಲ್ಲ. ಚುಕ್ಕಿ ಗೆರೆ ಅಂದರೆ ಮುಂದೆ ಯಾವತ್ತೋ ಆಗುವ ಕೆಲಸ ಅಂತಲೇ ನಮ್ಮ ಲೆಕ್ಕ. ‘ಅದು ದೋಣಿ ಅಮ್ಮ, ಕಾರನ್ನೇ ಹತ್ತಿಸಿಕೊಂಡು ಹೋಗುತ್ತೆ’ ಎಂದು ಮಗಳು ಹೇಳಿದಾಗ ಅವಳು ಒಂದು ಗಳಿಗೆ ಸುಮ್ಮನಿದ್ದು, ‘ಹೊಳೆಬಾಗಿಲಿನ ಲಾಂಚ್ ಥರ ಅನ್ನು’ ಎಂದಳು.

ಅಲ್ಲಿಗೆ ನಮ್ಮ ಪ್ರವಾಸದ ಅರ್ಧ ಭಯ ಹೋಯಿತು. ಕಾರು ನೀರು ದಾಟುವುದನ್ನು ನಾವಿಬ್ಬರೂ ನೋಡಿದ್ದೆವು.

ಅದಕ್ಕೂ ಹಿಂದಿನದೊಂದು ದಾಟುವಿಕೆ ನನ್ನ ಪಾಲಿಗಿದೆ. ಸರಗೂರು ಕಪಿಲೆಯ ದಡದ ಊರು. ಸರ್ಕಾರಿ ಕಾಗದದಲ್ಲಿ ಕಬಿನಿ, ನಮ್ಮ ಬಾಯಲ್ಲಿ ಕಪಿಲೆ, ಮನೆಯೊಳಗೆ ಬರೀ ಹೊಳೆ. ವಯನಾಡಿನಲ್ಲಿ ಮಳೆ ಹಿಡಿದರೆ ಇಲ್ಲಿ ಬಿಸಿಲಿದ್ದರೂ ಹೊಳೆ ಬರುತ್ತದೆ. ನಾನು ಹುಡುಗನಾಗಿದ್ದಾಗ ಅಪ್ಪ ಆಚೆ ದಡದ ಹಳ್ಳಿಗೆ ಹೋಗುವಾಗ ಹರಿಗೋಲಿಗೆ ಸೈಕಲ್ ಹತ್ತಿಸುತ್ತಿದ್ದರು. ಬಿದಿರು ದಬ್ಬೆ ಹೆಣೆದು, ಹೊರಗೆ ಟಾರು ಬಳಿದ ದುಂಡು ಬುಟ್ಟಿ ಅದು. ಸೈಕಲ್ಲನ್ನು ನಿಲ್ಲಿಸುವ ಹಾಗಿಲ್ಲ, ಮಲಗಿಸಬೇಕು, ಅದೂ ನಟ್ಟ ನಡುವೆ. ಅಂಚಿಗೆ ಇಟ್ಟರೆ ಬುಟ್ಟಿ ವಾಲುತ್ತದೆ. ‘ಮದ್ಯಕ್ಕಿಡಿ ಗೌಡ್ರೆ, ಮದ್ಯಕ್ಕೆ’ ಎಂದು ಅಂಬಿಗ ಕೂಗುತ್ತಿದ್ದ. ಹಡಗು ಕಟ್ಟುವವರು ದಪ್ಪ ಪುಸ್ತಕಗಳಲ್ಲಿ ಬರೆದುಕೊಂಡಿರುವ ಮೊದಲ ಪಾಠವನ್ನು ಆತ ಆ ಒಂದು ಮಾತಿನಲ್ಲಿ ಹೇಳಿಬಿಡುತ್ತಿದ್ದ ಅಂತ ನನಗೆ ಗೊತ್ತಾದದ್ದು ಐವತ್ತು ವರ್ಷ ಕಳೆದ ಮೇಲೆ, ಉತ್ತರ ಸಮುದ್ರದ ಕಡೆಯ ಒಂದು ಹಡಗಿನ ಹೊಟ್ಟೆಯಲ್ಲಿ.

1974ರಲ್ಲಿ ಕಬಿನಿ ಅಣೆಕಟ್ಟು ಮುಗಿಯಿತು. ಮೇಲಿನ ಹಳ್ಳಿಗಳು ಮುಳುಗಿದವು. ಕಾಡಾನೆ ಹಿಡಿಯುತ್ತಿದ್ದ ಕಾಕನಕೋಟೆಯ ಖೆಡ್ಡಾದ ಜಾಗಕ್ಕೂ ಹಿನ್ನೀರು ಬಂತು. ಊರು ಬಿಟ್ಟವರು ಬೇರೆ ಕಡೆ ನೆಲೆ ಕಂಡರು, ಇಲ್ಲವೇ ಕಾಣಲಿಲ್ಲ. ಅಣೆಕಟ್ಟಿನ ಕೆಳಗಿನ ನಮಗೆ ಸೇತುವೆ, ಬಸ್ಸು, ಟಾರು ರಸ್ತೆ ಬಂದವು. ಹರಿಗೋಲು ಹತ್ತುವ ಜರೂರತ್ತೇ ತಪ್ಪಿತು. ಆದರೂ ಜಲಾಶಯ ತುಂಬಿ ಜಾಸ್ತಿ ನೀರು ಬಿಟ್ಟ ದಿನ ಅಣೆಕಟ್ಟಿನ ಮುಂದಿನ ಬಿದರಹಳ್ಳಿ ಸೇತುವೆ ಮುಳುಗುವುದು ನಮ್ಮ ಕಡೆಯ ಮಳೆಗಾಲದ ಸುದ್ದಿ. ಆ ದಿನ ಆಚೆಯವರು ಆಚೆ, ಈಚೆಯವರು ಈಚೆ.

ಹೊಳೆಬಾಗಿಲಿಗೆ ನಾವು ಹೋದದ್ದು 2019ರಲ್ಲಿ. ಸಿಗಂದೂರು ಚೌಡೇಶ್ವರಿಗೆ ಇವಳು ಹರಕೆ ಹೊತ್ತಿದ್ದಳು. ಸಾಗರದಿಂದ ಹೊರಟ ರಸ್ತೆ ಅಂಬಾರಗೋಡ್ಲಿನಲ್ಲಿ ಶರಾವತಿ ಹಿನ್ನೀರಿನ ಮುಂದೆ ನಿಂತುಬಿಡುತ್ತಿತ್ತು. ಆ ದಡವೇ ಹೊಳೆಬಾಗಿಲು, ಎದುರಿನ ದಡ ಕಳಸವಳ್ಳಿ. ಅಲ್ಲಿಂದ ತುಮರಿ, ಸಿಗಂದೂರು. ಲಾಂಚ್ ಅಂದರೆ ಚಪ್ಪಟೆ ಕಬ್ಬಿಣದ ಅಟ್ಟ, ಪಕ್ಕದಲ್ಲಿ ಎಂಜಿನ್, ಎರಡೂ ತುದಿಗೆ ನೆಲಕ್ಕೆ ಬಾಗುವ ಹಲಗೆ. ಮೊದಲು ಒಂದು ಬಸ್ಸು ಹತ್ತಿತು. ಅದರ ಎರಡು ಮಗ್ಗುಲಿಗೆ ಕಾರುಗಳು, ಸಂದಿಗೊಂದಿಯಲ್ಲಿ ಬೈಕು, ಉಳಿದ ಜಾಗಕ್ಕೆಲ್ಲ ಜನ. ನನ್ನ ಕಾರಿನ ಬಾಗಿಲು ತೆಗೆಯಲು ಆಗದಷ್ಟು ಒತ್ತಾಗಿ ನಿಲ್ಲಿಸಿದ್ದರು. ಇವಳು ಕಿಟಕಿಯಿಂದ ಕೈ ಹೊರಗೆ ಹಾಕಿ ನೀರಿಗೆ ಒಂದು ರೂಪಾಯಿ ಎಸೆದಳು.

ಪಕ್ಕದಲ್ಲಿ ಅಡಿಕೆ ಮೂಟೆಗೆ ಒರಗಿ ನಿಂತಿದ್ದ ತುಮರಿ ಕಡೆಯ ಹೆಂಗಸೊಬ್ಬರ ಹತ್ತಿರ ‘ಎಷ್ಟು ಚೆನ್ನಾಗಿದೆ ಅಲ್ವಾ’ ಎಂದಳು. ಆಯಮ್ಮ ನಕ್ಕು, ‘ನಿಮಗೆ ಚೆಂದ. ಸಂಜೆ ಕೊನೇ ಲಾಂಚ್ ತಪ್ಪಿದ್ರೆ ನಾವು ಸಾಗರದಲ್ಲೇ ನೆಂಟರ ಮನೆ ಹುಡುಕಬೇಕು. ರಾತ್ರಿ ಹೊಟ್ಟೆನೋವು ಬಂದ್ರೆ ಬೆಳಗಾಗೋ ತನಕ ದೇವ್ರೇ ಗತಿ’ ಎಂದರು. ಇವಳಿಗೆ ಮುಂದೆ ಮಾತು ಹೊರಡಲಿಲ್ಲ.

ಈ ಹಿನ್ನೀರು ನಿಲ್ಲಿಸಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ತಿಯಾಯಿತು. ನಾಡಿಗೆಲ್ಲ ಕರೆಂಟು ಕೊಟ್ಟ ನೀರು ಕರೂರು, ಬಾರಂಗಿ ಹೋಬಳಿಗಳನ್ನು ತಾಲ್ಲೂಕು ಕೇಂದ್ರವಾದ ಸಾಗರದಿಂದ ಕಡಿದು ಹಾಕಿತು. ಸಾಗರದ ನಾ. ಡಿಸೋಜ ಈ ಮುಳುಗಡೆಯನ್ನೇ ಜೀವಮಾನವಿಡೀ ಬರೆದರು. ಅವರ ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು, 2001ನೇ ಸಾಲಿನ ರಾಷ್ಟ್ರಪ್ರಶಸ್ತಿಯಲ್ಲಿ ಅದೇ ಅತ್ಯುತ್ತಮ ಚಿತ್ರ. ಅದೂ ಗಂಡ ಹೆಂಡತಿ ಮತ್ತು ನೀರಿನ ಕಥೆಯೇ, ಪ್ರವಾಸದ್ದಲ್ಲ ಅಷ್ಟೆ. ಬೇಸಿಗೆಯಲ್ಲಿ ಹಿನ್ನೀರು ಕುಸಿದರೆ ಲಾಂಚ್ ದಡಕ್ಕೆ ಬರಲಾಗದೆ ವಾಹನ ಹತ್ತಿಸುವುದನ್ನೇ ನಿಲ್ಲಿಸುತ್ತಿದ್ದರು. ಮಳೆ ಜಾಸ್ತಿಯಾದರೂ ಕಷ್ಟ, ಕಮ್ಮಿಯಾದರೂ ಕಷ್ಟ.

ಇಷ್ಟು ತಲೆಯಲ್ಲಿಟ್ಟುಕೊಂಡು 2024ರ ಬೇಸಿಗೆಯಲ್ಲಿ ನಾವು ಯುರೋಪಿನ ರಸ್ತೆಗಿಳಿದೆವು. ಮಗಳು ಅಳಿಯನಿಗೆ ರಜೆ ಇರಲಿಲ್ಲ. ನನಗೆ ನಿವೃತ್ತಿಯಾಗಿತ್ತು, ಕೈಕಾಲು ನೆಟ್ಟಗಿದ್ದವು. ‘ನೀವಿಬ್ಬರೇ ಹೋಗಿ ಬನ್ನಿ’ ಅಂದರು.

ಹೊರಡುವವರಿಗೆ ಬೇಕಾದ ನಾಲ್ಕು ಮಾತು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಸಮುದ್ರದಲ್ಲಿ ಮರೆತುಹೋಗುತ್ತದೆ. ನಮ್ಮ ಚಾಲನಾ ಪರವಾನಗಿ ಜೊತೆಗೆ ಅಂತರರಾಷ್ಟ್ರೀಯ ಪರವಾನಗಿ ಬೇಕು. ಲೈಸೆನ್ಸ್ ಚಾಲ್ತಿಯಲ್ಲಿದ್ದು, ಪಾಸ್‌ಪೋರ್ಟ್, ವೀಸಾ ಇದ್ದರೆ ಆರ್‌ಟಿಒದಲ್ಲೇ ಕೊಡುತ್ತಾರೆ. ನಮೂನೆ 4ಎ, ಶುಲ್ಕ 1000 ರೂಪಾಯಿ, ಒಂದು ವರ್ಷದ ಅವಧಿ. ಮತ್ತೆ ಪರೀಕ್ಷೆ, ಎಂಟು ಹೊಡೆಯುವುದು ಯಾವುದೂ ಇಲ್ಲ. ನಮ್ಮ ಕಡೆಯವರಿಗೆ ಹುಣಸೂರಿನ ಕಚೇರಿ, ಗಾಡಿ ನಂಬರಿನ ಕೆಎ-45 ಅಲ್ಲಿಯದೇ. ಷೆಂಗೆನ್ ವೀಸಾದಲ್ಲಿ 180 ದಿನದೊಳಗೆ 90 ದಿನ ಇರಬಹುದು, 29 ದೇಶಗಳ ನಡುವೆ ಗಡಿಯಲ್ಲಿ ಯಾರೂ ಸಾಮಾನ್ಯವಾಗಿ ತಡೆಯುವುದಿಲ್ಲ. ನಾರ್ವೆ ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲದಿದ್ದರೂ ಈ ಗುಂಪಿನಲ್ಲಿದೆ. ಇಂಗ್ಲೆಂಡ್ ಇಲ್ಲ. ಫ್ರಾನ್ಸಿನ ಕ್ಯಾಲೆಯಿಂದ ಡೋವರ್‌ಗೆ ಒಂದೂವರೆ ಗಂಟೆಯ ದೋಣಿ ತಾನೇ ಎಂದು ಹೊರಟರೆ ಹತ್ತುವ ಮೊದಲೇ ಬ್ರಿಟನ್ನಿನ ವೀಸಾ ಕೇಳುತ್ತಾರೆ. ಅದಿದ್ದರೂ, ಷೆಂಗೆನ್ ವೀಸಾ ಒಂದೇ ಪ್ರವೇಶದ್ದಾಗಿದ್ದರೆ ವಾಪಸು ಬರುವ ಬಾಗಿಲು ಮುಚ್ಚಿರುತ್ತದೆ.

ಬಾಡಿಗೆ ಕಾರಿನ ಕರಾರನ್ನು ಪೂರ್ತಿ ಓದಿ. ಯಾವ ದೇಶಕ್ಕೆ ಒಯ್ಯಬಹುದು, ದೋಣಿಗೆ ಹತ್ತಿಸಬಹುದೇ, ಹತ್ತಿಸಿದಾಗ ವಿಮೆ ಇರುತ್ತದೆಯೇ ಎಂಬುದು ಸಣ್ಣ ಅಕ್ಷರದಲ್ಲಿರುತ್ತದೆ. ನಾನು ಓದಲಿಲ್ಲ. ವಾಪಸು ಕೊಟ್ಟ ಎರಡು ತಿಂಗಳ ಮೇಲೆ ಪ್ರತಿಯೊಂದು ಟೋಲಿಗೂ ‘ನಿರ್ವಹಣಾ ಶುಲ್ಕ’ ಅಂತ ಟೋಲಿಗಿಂತ ದೊಡ್ಡ ಮೊತ್ತ ಕಾರ್ಡಿನಿಂದ ಕಳೆದಿದ್ದರು. ಕೇಳಿದರೆ ಆ ಸಣ್ಣ ಅಕ್ಷರಗಳನ್ನು ಕಳಿಸಿದರು.

ಬಲಬದಿಯ ಓಡಾಟಕ್ಕೆ ಒಂದು ದಿನ ಬೇಕಾಯಿತು. ಸ್ಟೀರಿಂಗಿನ ಪಕ್ಕದ ಕಡ್ಡಿಗಳು ಅದಲು ಬದಲು, ಆ ಅಭ್ಯಾಸ ಮಾತ್ರ ಕೊನೆಯವರೆಗೂ ಬರಲಿಲ್ಲ. ನಾನು ಇಂಡಿಕೇಟರ್ ಹಾಕಿದೆ ಅಂದುಕೊಂಡಾಗಲೆಲ್ಲ ಒಣ ಗಾಜಿನ ಮೇಲೆ ವೈಪರ್ ಕಿರ್ರೆಂದು ಓಡುತ್ತಿತ್ತು. ‘ಮತ್ತೆ ಮಳೆ ಬಂತು’ ಎನ್ನುತ್ತಿದ್ದಳು ಇವಳು.

ಮೊದಲ ದೋಣಿ ರೈನ್ ನದಿಯದು. ಕೊಬ್ಲೆಂಜ್‌ನಿಂದ ಬಿಂಗೆನ್‌ವರೆಗಿನ ಸುಮಾರು 65 ಕಿ.ಮೀ. ಕಣಿವೆಯಲ್ಲಿ ಎರಡೂ ದಡಕ್ಕೆ ಊರು, ರಸ್ತೆ, ರೈಲು, ಬೆಟ್ಟದ ತುದಿಗೆ ಕೋಟೆ, ಇಳಿಜಾರಿನಲ್ಲಿ ದ್ರಾಕ್ಷಿ ತೋಟ, ಎಲ್ಲ ಇವೆ. ಸೇತುವೆ ಒಂದೂ ಇಲ್ಲ. ಜಗತ್ತಿಗೆ ಕಾರು ಕೊಟ್ಟ ದೇಶದಲ್ಲಿ ಕಾರುಗಳು ಸಾಂಕ್ಟ್ ಗೋವಾರ್ ಎಂಬ ಊರಿನ ದಡದಲ್ಲಿ ದೋಣಿಗೆ ಸಾಲು ನಿಂತಿದ್ದವು. ಈ ಕಣಿವೆ 2002ರಿಂದ ಯುನೆಸ್ಕೊ ವಿಶ್ವ ಪರಂಪರೆಯ ತಾಣ. ಸೇತುವೆ ಬೇಕೆನ್ನುವವರಿಗೂ ಕಣಿವೆಯ ಅಂದ ಕೆಡುತ್ತದೆನ್ನುವವರಿಗೂ ಬಹಳ ವರ್ಷದ ಜಗ್ಗಾಟ ನಡೆದಿದೆ. ನದಿ ಅಲ್ಲಿ ನಮ್ಮ ಕಪಿಲೆಗಿಂತ ಅಗಲ, ಸೆಳೆತವೂ ಜೋರು. ದೋಣಿ ಮೇಲ್ಮುಖವಾಗಿ ಓರೆ ಹಿಡಿದು ಹೊರಟು, ಸೆಳೆತಕ್ಕೆ ಅಷ್ಟಷ್ಟೇ ಬಿಟ್ಟುಕೊಟ್ಟು, ಸರಿಯಾಗಿ ಎದುರಿನ ಕಟ್ಟೆಗೆ ಬಂದು ತಾಗಿತು. ನಮ್ಮ ಅಂಬಿಗನೂ ಹಾಗೇ ಮಾಡುತ್ತಿದ್ದ. ಮೊದಲು ದಡದಗುಂಟ ಮೇಲಕ್ಕೆ ಹುಟ್ಟು ಹಾಕಿ, ಆಮೇಲೆ ಹೊಳೆಗೆ ಬಿಡುವುದು.

ಇದಕ್ಕಿಂತ ಸೋಜಿಗ ಎಲ್ಬೆ ನದಿಯಲ್ಲಿದೆ. ಕೋಸ್ವಿಗ್, ಆಕೆನ್ ಊರುಗಳಲ್ಲಿ ಕಾರು ಹೊರುವ ದೋಣಿಗೆ ದಾಟಲು ಎಂಜಿನ್ನೇ ಬೇಡ. ನದಿಯ ಮೇಲ್ಗಡೆ ನಡುನೀರಿನಲ್ಲಿ ಲಂಗರು ಹಾಕಿ, ಅದಕ್ಕೆ ಉದ್ದನೆಯ ತಂತಿಹಗ್ಗದಲ್ಲಿ ದೋಣಿಯನ್ನು ಕಟ್ಟಿರುತ್ತಾರೆ. ದೋಣಿಯನ್ನು ನೀರಿಗೆ ಓರೆ ಮಾಡಿದರೆ ಹರಿವು ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಗಡಿಯಾರದ ಲೋಲಕದ ಹಾಗೆ ಈ ದಡದಿಂದ ಆ ದಡಕ್ಕೆ ತೂಗುತ್ತದೆ. ಓರೆ ಬದಲಿಸಿದರೆ ವಾಪಸು. ಕೆಳಕ್ಕೆ ಹರಿಯುವ ನೀರಿನಿಂದ ಅಡ್ಡಕ್ಕೆ ಹೋಗುವ ಕೆಲಸ ಮಾಡಿಸಿಕೊಳ್ಳುವ ಈ ಉಪಾಯವನ್ನು ನಾನು ಅಲ್ಲಿನವರ ಬಾಯಲ್ಲಿ ಕೇಳಿ ಒಂದು ಹಾಳೆಯ ಮೇಲೆ ಬರೆದು ನೋಡಿಯೇ ನಂಬಿದ್ದು.

ಡೆನ್ಮಾರ್ಕಿನ ಉತ್ತರ ತುದಿಯ ಹಿರ್ಟ್ಸ್‌ಹಾಲ್ಸ್‌ನಲ್ಲಿ ದೊಡ್ಡ ಹಡಗು. ಮೂರು ಗಂಟೆ ಚಿಲ್ಲರೆಯ ದಾರಿ, ಆಚೆ ನಾರ್ವೆಯ ಕ್ರಿಸ್ಟಿಯಾನ್‌ಸಾಂಡ್. ಬಂದರಿನ ಬಯಲಿನಲ್ಲಿ ನಂಬರು ಹಾಕಿದ ಸಾಲುಗಳು. ನಮ್ಮ ಹಿಂದೆ ಮನೆಯನ್ನೇ ಕಟ್ಟಿಕೊಂಡಂಥ ಕ್ಯಾರವಾನುಗಳು, ಪಕ್ಕದ ಸಾಲಿನಲ್ಲಿ ಲಾರಿಗಳು. ಹಡಗು ಬಂತು, ಮೂತಿ ತೆರೆಯಿತು. ಮೂತಿ ಅಂದದ್ದು ಅಲಂಕಾರಕ್ಕಲ್ಲ. ಮುಂಭಾಗವೇ ಬಾಗಿಲಾಗಿ ಮೇಲೆದ್ದು, ಒಳಗೆ ಒಂದು ಬಸ್ ನಿಲ್ದಾಣದಷ್ಟು ಕತ್ತಲು ಕಾಣಿಸಿತು. ಕೈಗವಸು ಹಾಕಿದ ಹುಡುಗಿಯೊಬ್ಬಳು ಬೆರಳಿನಲ್ಲೇ ‘ಬಾ, ಬಾ, ಇನ್ನೂ ಬಾ’ ಎಂದು ಕರೆದು, ಮುಂದಿನ ಕಾರಿಗೆ ಒಂದು ಗೇಣು ಇರುವಾಗ ಅಂಗೈ ತೋರಿಸಿದಳು. ಹ್ಯಾಂಡ್‌ಬ್ರೇಕ್, ಎಂಜಿನ್ ಬಂದ್, ಕಳ್ಳರ ಅಲಾರಂ ಬಂದ್. ಹಡಗು ತೂಗುವಾಗ ಕಾರಿನ ಅಲಾರಂ ಕಳ್ಳ ಬಂದನೆಂದು ಕೂಗಿಕೊಳ್ಳುತ್ತದಂತೆ. ಅಟ್ಟದ ನಂಬರು, ಮೆಟ್ಟಿಲ ಬಾಗಿಲಿನ ಬಣ್ಣ ನೆನಪಿಟ್ಟುಕೊಂಡು ಎಲ್ಲರೂ ಮೇಲೆ ಹೋಗಬೇಕು. ಕಾರಿನ ಅಟ್ಟಕ್ಕೆ ದಡ ಸೇರುವವರೆಗೆ ಬೀಗ.

ಹಿಂದೆ ಹೀಗಿರಲಿಲ್ಲ. 1920ರ ದಶಕದಲ್ಲಿ ಇಂಗ್ಲಿಷ್ ಕಾಲುವೆ ದಾಟಬೇಕಾದ ಕಾರನ್ನು ಸರಕಿನ ಹಾಗೆ ಕ್ರೇನಿನಲ್ಲಿ ಎತ್ತಿ ಹಡಗಿಗಿಡುತ್ತಿದ್ದರು. ಪೆಟ್ರೋಲ್ ಖಾಲಿ ಮಾಡಿಸಿಕೊಳ್ಳುತ್ತಿದ್ದರು. ದರ ದುಬಾರಿ ಎಂದು ರೋಸಿಹೋದ ಸ್ಟುವರ್ಟ್ ಟೌನ್‌ಸೆಂಡ್ ಎಂಬಾತ 1928ರಲ್ಲಿ ಡೋವರ್‌ನಿಂದ ಕಾರಿಗೆಂದೇ ಹಡಗು ಹೊರಡಿಸಿದ. ಅವನದೂ ಕ್ರೇನೇ. ಡೋವರ್‌ನಲ್ಲಿ ಕಾರು ತನ್ನ ಗಾಲಿಯ ಮೇಲೇ ಉರುಳಿ ಹಡಗು ಹತ್ತುವ ನಿಲ್ದಾಣ ತೆರೆದದ್ದು 1953ರಲ್ಲಿ. ಉರುಳಿ ಹತ್ತಿ ಉರುಳಿ ಇಳಿಯುವ ಈ ಹಡಗುಗಳಿಗೆ ರೋ-ರೋ ಅನ್ನುತ್ತಾರೆ.

ಈ ಹಡಗುಗಳ ಅಪಾಯಕ್ಕೂ, ಅಂಬಿಗನ ‘ಮದ್ಯಕ್ಕಿಡಿ’ಗೂ ಒಂದೇ ಕಾರಣ. ಒಂದು ಬಿಂದಿಗೆ ನೀರು ಹೊತ್ತು ನಡೆಯಿರಿ, ತುಳುಕುವುದು ಕಮ್ಮಿ. ಅದೇ ನೀರನ್ನು ಅಗಲವಾದ ಹರಿವಾಣಕ್ಕೆ ಹೊಯ್ದು ಎತ್ತಿಕೊಂಡು ನಡೆಯಿರಿ. ಚೂರು ವಾಲಿದರೆ ನೀರೆಲ್ಲ ಒಂದೇ ಕಡೆಗೆ ಓಡುತ್ತದೆ, ಓಡಿದ ಭಾರಕ್ಕೆ ಇನ್ನಷ್ಟು ವಾಲುತ್ತದೆ, ಕೈ ಸೋಲುತ್ತದೆ. ಮಾಮೂಲಿ ಹಡಗಿನ ಒಡಲಲ್ಲಿ ಅಡ್ಡಗೋಡೆಗಳಿರುತ್ತವೆ. ಒಂದು ಕೋಣೆಗೆ ನೀರು ನುಗ್ಗಿದರೆ ಅಲ್ಲೇ ನಿಲ್ಲುತ್ತದೆ. ಕಾರಿನ ಹಡಗಿನಲ್ಲಿ ಈ ತುದಿಯಿಂದ ಆ ತುದಿಗೆ ಗಾಡಿ ಓಡಬೇಕಲ್ಲ, ಗೋಡೆ ಎಲ್ಲಿಂದ ಕಟ್ಟುತ್ತೀರಿ? ಇಡೀ ಅಟ್ಟವೇ ಒಂದು ಹರಿವಾಣ. ಒಂದಡಿ ನೀರು ಸಾಕು.

1987ರ ಮಾರ್ಚ್ 6ರಂದು ಬೆಲ್ಜಿಯಂನ ಜೀಬ್ರುಗ್ಗೆಯಿಂದ ಹೊರಟ ‘ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್’ ಎಂಬ ಹಡಗಿನ ಮುಂಬಾಗಿಲು ಮುಚ್ಚಿರಲಿಲ್ಲ. ಮುಚ್ಚಬೇಕಾದವನು ತನ್ನ ಕೋಣೆಯಲ್ಲಿ ನಿದ್ದೆ ಹೋಗಿದ್ದ. ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ತಿಳಿಯಲು ಮೇಲೆ ಕ್ಯಾಪ್ಟನ್ ಬಳಿ ಒಂದು ದೀಪವೂ ಇರಲಿಲ್ಲ. ಬಂದರು ದಾಟಿ ನಿಮಿಷಗಳಲ್ಲೇ ಮಗುಚಿತು, 193 ಜನ ಸತ್ತರು. 1994ರ ಸೆಪ್ಟೆಂಬರ್ 28ರ ರಾತ್ರಿ ಬಾಲ್ಟಿಕ್ ಸಮುದ್ರದಲ್ಲಿ ‘ಎಸ್ಟೋನಿಯಾ’ ಹಡಗಿನ ಮೂತಿಯೇ ಅಲೆಗಳ ಹೊಡೆತಕ್ಕೆ ಕಳಚಿಬಿತ್ತು. 852 ಜನ. ಇವತ್ತು ಬಾಗಿಲ ದೀಪ, ಕ್ಯಾಮೆರಾ, ಒಳಬಾಗಿಲು, ಬೀಗ, ಇಷ್ಟೆಲ್ಲ ಬಿಗಿ ಇರುವುದು ಆ ಸಾವುಗಳಿಂದ. ಮೇಲಿನ ಅಟ್ಟದಲ್ಲಿ ಕಾಫಿ ಕುಡಿಯುತ್ತ ಇದನ್ನೆಲ್ಲ ಇವಳಿಗೆ ಹೇಳಲು ಹೋದೆ. ‘ಇಳಿದ ಮೇಲೆ ಹೇಳಿ’ ಎಂದಳು. ಇಳಿದ ಮೇಲೆಯೇ ಹೇಳಿದೆ.

ಒಂದು ಮಾತು ಗಂಡ ಹೆಂಡತಿ ಜೋಡಿಯಾಗಿ ಹೊರಡುವವರಿಗೆ. ಕಾರಿನಲ್ಲಿ ದಿನವಿಡೀ ಪಕ್ಕಪಕ್ಕ ಕೂತಿದ್ದರೂ ಮಾತು ನಡೆಯುವುದು ತಿರುವು, ವೇಗ, ಪೆಟ್ರೋಲ್, ಊಟ ಇಷ್ಟರ ಮೇಲೇ. ಒಬ್ಬರ ಕಣ್ಣು ರಸ್ತೆಯಲ್ಲಿ, ಇನ್ನೊಬ್ಬರದು ನಕ್ಷೆಯಲ್ಲಿ. ದೋಣಿ ಹತ್ತಿದಾಗ ಮಾತ್ರ ಇಬ್ಬರ ಕೈಯೂ ಖಾಲಿ. ಇವಳು ಚೀಲದಿಂದ ಹುರಿಹಿಟ್ಟಿನ ಉಂಡೆ ತೆಗೆಯುತ್ತಿದ್ದಳು. ನಲವತ್ತು ವರ್ಷದ ಸಂಸಾರದಲ್ಲಿ ಕೇಳದ ಎರಡು ಮೂರು ಸಂಗತಿ ನಾನು ಆ ದೋಣಿಗಳಲ್ಲಿ ಕೇಳಿದೆ. ಅವು ಇಲ್ಲಿಗೆ ಬೇಡ.

ಸ್ಟಾವಾಂಗರ್ ಊರು ದಾಟಿದ ಮೇಲೆ ಇ39 ಮೊದಲು ಸಮುದ್ರದ ಕೆಳಗೆ ಇಳಿಯುತ್ತದೆ. ಬೀಫ್ಯೋರ್ಡ್ ಸುರಂಗ, ಸುಮಾರು 6 ಕಿ.ಮೀ. ಉದ್ದ, ನೀರಿನ ಮಟ್ಟದಿಂದ 223 ಮೀಟರ್ ಆಳ. ಕಿವಿ ಗುಂಯ್ ಎನ್ನುತ್ತದೆ. ಹೊರಬಂದು ಸ್ವಲ್ಪ ದೂರಕ್ಕೆ ಮೊರ್ಟಾವಿಕಾ, ರಸ್ತೆ ನೀರಿನಲ್ಲಿ ಮುಗಿಯುವ ಜಾಗ. ಟಿಕೆಟ್ ಕೌಂಟರ್ ಹುಡುಕಿದೆ, ಇರಲಿಲ್ಲ. ಕ್ಯಾಮೆರಾ ಗಾಡಿಯ ನಂಬರು ಓದಿಕೊಳ್ಳುತ್ತದೆ, ಬಿಲ್ಲು ಆಮೇಲೆ ಬರುತ್ತದೆ. ಟೋಲ್ ಕಟ್ಟಿದ ಹಾಗೆಯೇ. ಕಾರಿನ ಉದ್ದ ನೋಡಿ ದರ, ಒಳಗಿರುವ ಜನಕ್ಕೆ ಬೇರೆ ಹಣವಿಲ್ಲ. ಅರ್ಧ ಗಂಟೆಯೊಳಗೆ ದೋಣಿ ಬಂತು. ಇಪ್ಪತ್ತೈದು ನಿಮಿಷಕ್ಕೆ ಆರ್ಸ್‌ವೋಗನ್ ದಡ. ವೇಳಾಪಟ್ಟಿ ಹಾಕಿದ ಫಲಕದ ಮುಂದೆ ಇವಳು ಬಹಳ ಹೊತ್ತು ನಿಂತಿದ್ದಳು. ‘ರಾತ್ರಿ ಒಂದು ಗಂಟೆಗೂ ಇದೆ, ಎರಡಕ್ಕೂ ಇದೆ. ಬೆಳಗಾಗೋ ತನಕ ನಿಲ್ಲಿಸೋದೇ ಇಲ್ಲ ನೋಡಿ’ ಎಂದಳು.

ನನಗೆ ಅಡಿಕೆ ಮೂಟೆಗೆ ಒರಗಿದ್ದ ಆ ಹೆಂಗಸು ನೆನಪಾದರು. ನಕ್ಷೆಯ ಚುಕ್ಕಿಗೂ ಗೆರೆಗೂ ಒಂದೇ ನಂಬರು ಯಾಕೆ ಎಂದು ಆಗ ತಿಳಿಯಿತು. ರಾತ್ರಿ ಓಡುವ ದೋಣಿ ರಸ್ತೆ. ಸಂಜೆಗೆ ಕಟ್ಟಿಹಾಕುವ ದೋಣಿ ದಯೆ. ಕಬ್ಬಿಣ ಎರಡಕ್ಕೂ ಒಂದೇ, ನೀರು ಒಂದೇ. ತುಮರಿಯ ಜನ ಸೇತುವೆ ಕೇಳಿದ್ದು ಲಾಂಚ್ ಹಳೆಯದೆಂದಲ್ಲ, ಅದು ರಾತ್ರಿ ಓಡುವುದಿಲ್ಲವೆಂದು.

ಬರ್ಗೆನ್ ದಾಟಿ ಇನ್ನೂ ಉತ್ತರಕ್ಕೆ, ಸೋಗ್ನೆ ಫ್ಯೋರ್ಡಿನ (ನೆಲದೊಳಗೆ ಚಾಚಿದ ಕಡಲಿನ) ಮೇಲೆ ಓಪ್ಪೆಡಾಲ್‌ನಿಂದ ಲಾವಿಕ್‌ಗೆ ಹೋಗುವ ಸಾಲಿನಲ್ಲಿ ಸದ್ದೇ ಇಲ್ಲ. ಪೂರ್ತಿ ಬ್ಯಾಟರಿಯಲ್ಲಿ ಓಡುವ ಜಗತ್ತಿನ ಮೊದಲ ಕಾರು ದೋಣಿ ‘ಆಂಪೇರ್’ 2015ರಲ್ಲಿ ಶುರುವಾದದ್ದು ಇಲ್ಲೇ, 120 ಕಾರು ಹೊರುತ್ತದೆ. ದಡಕ್ಕೆ ತಾಗಿ ಗಾಡಿ ಇಳಿದು ಹತ್ತುವ ಹತ್ತು ನಿಮಿಷದೊಳಗೆ ಚಾರ್ಜ್ ಆಗಬೇಕು. ಅಷ್ಟು ಕರೆಂಟನ್ನು ಒಮ್ಮೆಗೇ ಎಳೆದರೆ ಆ ಸಣ್ಣ ಹಳ್ಳಿಗಳ ಲೈನು ತಾಳುವುದಿಲ್ಲ. ಅದಕ್ಕೆ ಎರಡೂ ದಡದಲ್ಲಿ ದೊಡ್ಡ ಬ್ಯಾಟರಿ ಇಟ್ಟರು. ದೋಣಿ ಆಚೆ ಹೋಗಿ ಬರುವಷ್ಟರಲ್ಲಿ ಅದು ಸಣ್ಣಗೆ ತುಂಬಿಕೊಂಡಿರುತ್ತದೆ, ದೋಣಿ ಬಂದೊಡನೆ ಒಮ್ಮೆಲೇ ಸುರಿಯುತ್ತದೆ. ಬೆರಳು ಗಾತ್ರ ಬರುವ ಬೋರ್‌ವೆಲ್ ನೀರನ್ನು ತೊಟ್ಟಿಗೆ ತುಂಬಿಸಿಕೊಂಡು ತೂಬು ತೆಗೆಯುವ ನಮ್ಮ ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೀಗೆಲ್ಲ ಇದ್ದೂ ಅಲ್ಲಿಯ ಜನಕ್ಕೆ ದೋಣಿ ಬೇಕಾಗಿಲ್ಲ. ವಾಪಸು ಬರುವಾಗ ಆರ್ಸ್‌ವೋಗನ್‌ನ ಸಾಲಿನಲ್ಲಿ ನಮ್ಮ ಮುಂದೆ ಸಾಲ್ಮನ್ ಮೀನಿನ ಲಾರಿ ಇತ್ತು. ಚಾಲಕ ಇಳಿದು ಸಿಗರೇಟು ಹಚ್ಚಿದ. ನೋಟ ಚೆನ್ನಾಗಿದೆ ಎಂದೆ. ‘ದಿನಾ ನೋಡುತ್ತೇನೆ’ ಎಂದ, ಅಷ್ಟೆ. ಅವನ ಮೀನಿಗೆ ಸುತ್ತ ಐಸು, ಮುಂದೆ ಗಡಿಯಾರ. ಮೊರ್ಟಾವಿಕಾ ದೋಣಿಯ ಜಾಗಕ್ಕೆ ರೋಗ್‌ಫಾಸ್ಟ್ ಎಂಬ ಸುರಂಗ ಕೊರೆಯುತ್ತಿದ್ದಾರೆ. ಸುಮಾರು 27 ಕಿ.ಮೀ. ಉದ್ದ, ಸಮುದ್ರ ಮಟ್ಟದಿಂದ 390 ಮೀಟರ್ ಕೆಳಗೆ. ಈಗಿನ ಅಂದಾಜಿನಂತೆ 2033ಕ್ಕೆ ತೆರೆಯಬೇಕು. ಇ39ರ ಎಲ್ಲ ದೋಣಿಗಳನ್ನೂ ತೆಗೆಯಬೇಕೆಂಬ ಗುರಿಯನ್ನೇ ಆ ದೇಶ ಹಾಕಿಕೊಂಡಿತ್ತು. ಡೆನ್ಮಾರ್ಕಿನಲ್ಲಿ 1998ರಲ್ಲಿ ಗ್ರೇಟ್ ಬೆಲ್ಟ್ ಸೇತುವೆಯ ಮೇಲೆ ಕಾರು ಓಡಿದವು, 2000ದಲ್ಲಿ ಸ್ವೀಡನ್ನಿಗೆ ಓರೆಸುಂಡ್ ಸೇತುವೆ ಬಂತು, ಅಲ್ಲಿನ ದೋಣಿಗಳು ಒಂದೊಂದಾಗಿ ನಿಂತವು. ಫೋಟೊ ತೆಗೆಯಲು ಬರುವ ನನ್ನಂಥವನಿಗೆ ಮಾತ್ರ ಅದು ನಷ್ಟ. ದೋಣಿ ಉಳಿಯಲಿ ಅನ್ನುವವರು ಸಾಮಾನ್ಯವಾಗಿ ಆಚೆ ದಡದಲ್ಲಿ ಮನೆ ಇಲ್ಲದವರು.

ಸಿಗಂದೂರು ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಉದ್ದ 2.44 ಕಿ.ಮೀ., ಕಂಬಗಳಿಂದ ಇಳಿಬಿಟ್ಟ ಉಕ್ಕಿನ ಹಗ್ಗಗಳು ಹೊತ್ತು ನಿಂತ ಸೇತುವೆ. ಅಣೆಕಟ್ಟಿಗೂ ಈ ಸೇತುವೆಗೂ ನಡುವೆ ಅರವತ್ತೊಂದು ವರ್ಷ. ಲಾಂಚ್ ಹೋಯಿತಲ್ಲ, ಎಷ್ಟು ಚೆನ್ನಾಗಿತ್ತು ಎಂದು ಆ ವಾರ ನಮ್ಮ ಮೈಸೂರಿನ ನೆಂಟರೊಬ್ಬರು ಫೋನಿನಲ್ಲಿ ಪೇಚಾಡಿದರು. ಇವಳು ಫೋನು ಕಿತ್ತುಕೊಂಡು, ‘ನೀವು ಅಲ್ಲಿ ಒಂದು ರಾತ್ರಿ ಹೊಟ್ಟೆನೋವು ಬರಿಸಿಕೊಂಡು ನೋಡಿ ಭಾವ’ ಎಂದಳು.

ಆ ಅಕ್ಟೋಬರಿನಲ್ಲಿ ಹರಕೆಯ ನೆಪ ಹೇಳಿ ಮತ್ತೆ ಹೊರಟೆವು. ಅದೇ ಹಳೆಯ ಕಾರು, ಕೆಎ-45. ಅಂಬಾರಗೋಡ್ಲಿಗೆ ಬರುವಾಗ ಕತ್ತಲಾಗಿತ್ತು. ಮೊದಲಾಗಿದ್ದರೆ ಅಲ್ಲೇ ತಿರುಗಿಸಿ ಸಾಗರದಲ್ಲಿ ರೂಮು ಹುಡುಕಬೇಕಿತ್ತು. ಸೇತುವೆ ಹತ್ತಿದಾಗ ಇವಳು ಕೈಗಡಿಯಾರ ನೋಡಿಕೊಂಡಳು, ಆಚೆ ಇಳಿದಾಗ ಇನ್ನೊಮ್ಮೆ ನೋಡಿದಳು. ಮೂರು ನಿಮಿಷ.